ಸಂತರ ಅವಶೇಷ: ಗೌರವವೋ, ಆರಾಧನೆಯೋ?

ಸಂತ ಫ್ರಾನ್ಸಿಸ್ ಝೇವಿಯರರ ಪವಿತ್ರ ಅವಶೇಷಗಳ ದರ್ಶನವು ಹಳೆಯ ಗೋವೆಯಲ್ಲಿ 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ಜರುಗಿತು. ದಶಕಕ್ಕೊಮ್ಮೆ ಒದಗುವ ಆ ಯಾತ್ರೆ ಮುಗಿದರೂ ಪ್ರಶ್ನೆಯೊಂದು ಮುಗಿದಿಲ್ಲ: "ನೀವು ಕೈಮುಗಿಯುವುದು ದೇವರಿಗೋ, ಎಲುಬಿಗೋ?" ಆಳಂದ, ಅಫಜಲಪುರ, ಜೇವರ್ಗಿ ಕಡೆ ಅಲ್ಲೊಂದು ಇಲ್ಲೊಂದಾಗಿ ನೆಲೆಸಿರುವ ನಮ್ಮ ಕಥೋಲಿಕ ಕುಟುಂಬಗಳು ಇದಕ್ಕೆ ಉತ್ತರ ತಿಳಿದಿರಬೇಕು.

ಪ್ರಶ್ನೆ ಹೆಚ್ಚಾಗಿ ಬರುವುದು ಇತರ ಕ್ರೈಸ್ತ ಪಂಗಡಗಳ ಬಂಧುಗಳಿಂದ. ಈ ಸೀಮೆಯ ನೆರೆಹೊರೆಯವರಿಗಾದರೋ ಈ ಭಾವ ಅಪರಿಚಿತವಲ್ಲ. ಗಾಣಗಾಪುರದ ಪಾದುಕೆಗಳ ದರ್ಶನಕ್ಕೆ, ಆಳಂದದ ಲಾಡ್ಲೆ ಮಶಾಕ್ ದರ್ಗಾಕ್ಕೆ ಸಾಗುವ ಜನರನ್ನು ನಾವು ನಿತ್ಯ ಕಾಣುತ್ತೇವೆ. ಅವರವರ ತತ್ತ್ವ ಅವರವರದು, ಹೋಲಿಕೆಯನ್ನು ದೂರಕ್ಕೆಳೆಯಲಾರೆ.

ಸಂತ ಅಗಸ್ಟೀನರನ್ನು ಆಧರಿಸಿ ಸಂತ ಥೋಮಸ್ ಅಕ್ವಿನಾಸರು ನೀಡುವ ಸಮಾಧಾನ ಸರಳವಾದುದು. ಅಗಲಿದ ತಂದೆಯ ಉಂಗುರ, ಉಡುಪುಗಳೇ ಮಕ್ಕಳಿಗೆ ಪ್ರಿಯವಾಗಿರುವಾಗ, ಉಡುಪಿಗಿಂತಲೂ ಆತ್ಮಕ್ಕೆ ಸಮೀಪವಾಗಿದ್ದ ದೇಹವನ್ನು ತಾತ್ಸಾರ ಮಾಡುವುದುಂಟೆ? ಸಂತರ ದೇಹವು ಪವಿತ್ರಾತ್ಮರ ಆಲಯವಾಗಿತ್ತು, ಪುನರುತ್ಥಾನಕ್ಕೆ ಕಾದಿರುವಂಥದು. ಆರಾಧನೆ ದೇವರೊಬ್ಬರಿಗೇ ಸಲ್ಲುತ್ತದೆ, ಅವಶೇಷಕ್ಕೆ ಸಲ್ಲುವುದು ಗೌರವ. ಸೆಮಿನರಿಯ ತತ್ತ್ವಶಾಸ್ತ್ರ ತರಗತಿಯಲ್ಲಿ ಇದು ನನಗೆ ಒಣ ವಾದವೆನಿಸಿತ್ತು!

ಝೇವಿಯರರ ಬಲಗೈಯನ್ನು ನೆನೆಯಿರಿ. 1542ರಲ್ಲಿ ಗೋವೆಗೆ ಬಂದಿಳಿದ ಅವರು ಆಸ್ಪತ್ರೆಯಲ್ಲೇ ತಂಗಿ ರೋಗಿಗಳ ಶುಶ್ರೂಷೆಗೆ ನಿಂತರು. ಕುಷ್ಠರೋಗಿಗಳ ಬಳಿಗೂ ಹೋದರು. ದೀಕ್ಷಾಸ್ನಾನ ನೀಡಿ ನೀಡಿ ಕೈ ಸೋತುದನ್ನು ತಮ್ಮ ಪತ್ರದಲ್ಲಿ ಬರೆದರು. 1614ರಲ್ಲಿ ಬೇರ್ಪಡಿಸಲಾದ ಆ ಮುಂಗೈ ರೋಮಾಪುರಿಯ ಜೇಸು ದೇವಾಲಯದಲ್ಲಿದೆ. 2018ರಲ್ಲಿ ಅದನ್ನು ಕೆನಡಾದ ನಗರಗಳಿಗೆ ಕೊಂಡೊಯ್ಯಲಾಗಿತ್ತು. ನಾವು ಗೌರವಿಸುವುದು ದುಡಿದ ಕೈಯನ್ನು.

ಆದ್ದರಿಂದಲೇ ಒಂದು ಎಚ್ಚರಿಕೆ. ಅವಶೇಷಕ್ಕೆ ಮುಟ್ಟಿಸಿದ ಬಟ್ಟೆ, ಎಣ್ಣೆ ಎಂದು ಹೇಳಿ ಯಾರಾದರೂ ಹಣ ಕೇಳಿದರೆ ಕೊಡಬೇಡಿರಿ. ಪವಿತ್ರ ಅವಶೇಷಗಳ ಮಾರಾಟವನ್ನೇ ಧರ್ಮಸಭೆಯ ಕಾನೂನಿನ 1190ನೆಯ ವಿಧಿ ನಿಷೇಧಿಸಿದೆ. ಹರಕೆ ಹೊತ್ತೆವೆಂದು ವೈದ್ಯರು ಕೊಟ್ಟ ಔಷಧಿಯನ್ನು ನಿಲ್ಲಿಸುವುದೂ ಭಕ್ತಿಯಲ್ಲ. ಸಾಲ ಮಾಡಿ ಯಾತ್ರೆ ಹೋಗಬೇಕೆಂದು ಯಾವ ಸಂತರೂ ಕೇಳಿಲ್ಲ.

ದರ್ಶನದ ಆ ದಿನಗಳು ನಮ್ಮಲ್ಲಿ ತೊಗರಿ ಕೊಯ್ಲಿನ ದಿನಗಳೂ ಹೌದು. ಕೂಲಿ ಮಾಡುವ ತಾಯಿಯೊಬ್ಬರು ಬಲಿಪೂಜೆಯ ಬಳಿಕ ಬಂದು, "ತೊಗರಿ ರಾಶಿ ಬಿಟ್ಟು ಹೋಗ್ಲಾಕ ಆಗಲಿಲ್ರಿ ಫಾದರ್, ಸಂತರು ಸಿಟ್ಟಾಗ್ಯಾರೇನ್ರಿ?" ಎಂದು ಕೇಳಿದರು. ಪಾರ್ಶ್ವವಾಯು ಬಡಿದ ಅತ್ತೆಗೆ ದಿನವೂ ಸ್ನಾನ ಮಾಡಿಸಿ ಉಣಿಸುವವರು ಆಕೆಯೇ. ಇಲ್ಲಮ್ಮ ಎಂದೆ. ಮುಂದಿನ ದರ್ಶನದ ಸರದಿ 2034ಕ್ಕೆ. ಆಗ ಹೋಗೋಣವೆಂದೂ ಹೇಳಿದೆ.