ನಮ್ಮ ಸಂಗೀತ ಕಾರ್ಯಕ್ರಮವೂ ಗಣಕಯಂತ್ರದ ವಾದ್ಯಗಳೂ

ನಮ್ಮ ಪಾಠಶಾಲೆಯ ಪೂರ್ವ ವಿದ್ಯಾರ್ಥಿನಿಯರಿಗೂ ಮಾತಾಪಿತೃಗಳಿಗೂ ಕಳೆದ ವಾರ್ಷಿಕೋತ್ಸವದ ಸಂಗತಿಯೊಂದನ್ನು ಜ್ಞಾಪಕಕ್ಕೆ ತಂದು, ಅದರ ವಿಷಯವಾಗಿ ನನ್ನ ಅಭಿಪ್ರಾಯವನ್ನು ಅರಿಕೆ ಮಾಡಿಕೊಳ್ಳಬೇಕೆಂದು ಈ ಕೆಲವು ಮಾತುಗಳನ್ನು ಬರೆಯುತ್ತೇನೆ. ಅಂದು ಎರಡನೆಯ ಹಾಡು ಮುಗಿಯುತ್ತಲೇ ಅದರ ಕಡೆಯ ಸ್ವರವು ಕತ್ತರಿಸಿದಂತೆ ನಿಂತುಹೋಯಿತು. ಮೂರನೆಯ ಹಾಡಿಗೆ ವಾದ್ಯವೇ ಹೊರಡಲಿಲ್ಲ. ಮಕ್ಕಳು ಸ್ವಲ್ಪ ಹೊತ್ತು ವೇದಿಕೆಯ ಮೇಲೆ ಸುಮ್ಮನೆ ನಿಂತಿದ್ದು, ಕೊನೆಗೆ ಶ್ರುತಿಯ ಆಧಾರವಿಲ್ಲದೆಯೇ ಹಾಡತೊಡಗಿದರು. ವಾದ್ಯವು ಬಂದಾಗ ತಾವು ಬೇರೊಂದು ಶ್ರುತಿಯಲ್ಲಿರುವುದನ್ನು ಕಂಡು ಲಜ್ಜಿತರಾದರು. ಕೀಬೋರ್ಡ್ ನುಡಿಸುತ್ತಿದ್ದ ಒಂಭತ್ತನೆಯ ತರಗತಿಯ ಬಾಲಿಕೆಯನ್ನು ಅನೇಕರು ದೂರಿದರು. ತಪ್ಪು ಆಕೆಯದಲ್ಲವೆಂದು ತಿಳಿಸುವುದು ನನ್ನ ಮೊದಲನೆಯ ಕರ್ತವ್ಯವಾಗಿದೆ.

ಆ ಬಳಿಕ ಹಿತಚಿಂತಕರು ನಮಗೆ ಮೂರು ಸಲಹೆಗಳನ್ನು ಕೊಟ್ಟಿರುತ್ತಾರೆ. ಗಣಕಯಂತ್ರವನ್ನು ಬಿಟ್ಟು ಪಿಯಾನೊ ಹಾರ್ಮೋನಿಯಮ್‌ಗಳಿಗೇ ಹಿಂದಿರುಗಬೇಕೆಂದು ಕೆಲವರು ಹೇಳುತ್ತಾರೆ. ಚಂದಾ ಎತ್ತಿ ಹೆಚ್ಚು ಬೆಲೆಯ ಹೊಸ ಲ್ಯಾಪ್‌ಟಾಪನ್ನು ಕೊಳ್ಳಬೇಕೆಂದು ಮತ್ತೆ ಕೆಲವರು ಹೇಳುತ್ತಾರೆ. ಹಣ ಕೊಟ್ಟು ಹೊರಗಿನಿಂದ ಆಪರೇಟರ್ ಒಬ್ಬರನ್ನು ಕರೆಯಿಸಬೇಕೆಂಬುದು ಇನ್ನು ಕೆಲವರ ಅಭಿಪ್ರಾಯ. ಮೂರೂ ಸದ್ಭಾವದಿಂದ ಹುಟ್ಟಿದ ಮಾತುಗಳೇ. ಆದರೂ ಇವುಗಳಲ್ಲಿ ಒಂದಾದರೂ ದೋಷದ ಮೂಲವನ್ನು ಮುಟ್ಟುವುದಿಲ್ಲವೆಂದು ನನಗೆ ತೋರುತ್ತದೆ.

ಆ ಮೂಲವೇನೆಂಬುದನ್ನು ವಿವರಿಸುತ್ತೇನೆ. ನಮ್ಮ ಕೀಬೋರ್ಡಿನಿಂದ ಗಣಕಯಂತ್ರಕ್ಕೆ ಹೋಗುವುದು ನಾದವಲ್ಲ, ಸಂದೇಶ ಮಾತ್ರ. ಯಾವ ಕೀ ಒತ್ತಲ್ಪಟ್ಟಿತು, ಎಷ್ಟು ಬಲದಿಂದ ಒತ್ತಲ್ಪಟ್ಟಿತು ಎಂಬ ವರ್ತಮಾನವನ್ನು ಅದು 1983ರಲ್ಲಿ ಏರ್ಪಟ್ಟ ಮಿಡಿ ಎಂಬ ನಿಯಮದ ಪ್ರಕಾರ ಕಳುಹಿಸುತ್ತದೆ. ನಾದವನ್ನು ಹೊರಡಿಸತಕ್ಕದ್ದು ಯಂತ್ರದೊಳಗಿನ ವರ್ಚುವಲ್ ವಾದ್ಯ. ನಿಜವಾದ ಪಿಯಾನೊವಿನ ಸ್ವರಗಳನ್ನು ಒಂದೊಂದಾಗಿ ಧ್ವನಿಮುದ್ರಿಸಿ ರಚಿಸಿದ ಇಂಥ ವಾದ್ಯವು ಅನೇಕ ಗಿಗಾಬೈಟುಗಳಷ್ಟು ದೊಡ್ಡದಾಗಿರುವುದುಂಟು. ಅದನ್ನು ಸಿದ್ಧಪಡಿಸಿಕೊಳ್ಳುವುದಕ್ಕೆ ಯಂತ್ರಕ್ಕೆ ಸಮಯ ಬೇಕು.

ನಾವು ಉಪಯೋಗಿಸುವುದು ಏಬಲ್‌ಟನ್ ಲೈವ್ ಎಂಬ ತಂತ್ರಾಂಶ. ಆ ಬಾಲಿಕೆಯು ಏಳು ಹಾಡುಗಳಿಗೆ ಏಳು ಫೈಲುಗಳನ್ನು ಮಾಡಿ, ಪ್ರತಿಯೊಂದರಲ್ಲಿಯೂ ಪಿಯಾನೊ, ಆರ್ಗನ್, ಪಿಟೀಲುಗಳ ಮೇಳ ಇವುಗಳನ್ನು ಬೇರೆ ಬೇರೆಯಾಗಿ ಇಟ್ಟಿದ್ದಳು. ಒಂದು ಫೈಲು ತೆರೆಯಬೇಕಾದರೆ ಹಿಂದಿನದು ಮುಚ್ಚಲ್ಪಡುತ್ತದೆ. ಅದರೊಡನೆ ವಾದ್ಯಗಳೂ ಹೋಗಿ, ಅದೇ ಪಿಯಾನೊವನ್ನು ಪುನಃ ತುಂಬಿಸಬೇಕಾಗುತ್ತದೆ. ಪ್ರತಿಯೊಂದು ಅಡುಗೆಗೂ ಹಳೆಯ ಒಲೆಯನ್ನು ಕೆಡವಿ ಹೊಸ ಒಲೆಯನ್ನು ಹೂಡುವ ಗೃಹಿಣಿ ಎಲ್ಲಿದ್ದಾಳೆ? ಹೆಚ್ಚು ಬೆಲೆಯ ಯಂತ್ರವು ಈ ಕಾಯುವಿಕೆಯನ್ನು ಕಡಿಮೆ ಮಾಡೀತೇ ಹೊರತು, ಕಡೆಯ ಸ್ವರವು ಕತ್ತರಿಸಿಹೋಗುವುದನ್ನು ತಪ್ಪಿಸಲಾರದು.

ಆದಕಾರಣ ಮಾಡತಕ್ಕದ್ದೇನೆಂದರೆ, ಇಡೀ ಕಾರ್ಯಕ್ರಮಕ್ಕೆ ಒಂದೇ ಫೈಲು ಇರಬೇಕು. ಎಲ್ಲಾ ಹಾಡುಗಳಿಗೆ ಸಾಮಾನ್ಯವಾದ ವಾದ್ಯಗಳನ್ನು ಒಂದೊಂದು ಟ್ರ್ಯಾಕಿನಲ್ಲಿ ಒಂದೇ ಸಲ ಇಡಬೇಕು. ಬಳಿಕ ಪ್ರತಿ ಹಾಡಿಗೂ ವಾದ್ಯವಿಲ್ಲದ ಬರಿಯ ಮಿಡಿ ಟ್ರ್ಯಾಕನ್ನು ಮಾಡಿ, ಅದರ ‘ಮಿಡಿ ಟು’ ಎಂಬಲ್ಲಿ ಬೇಕಾದ ವಾದ್ಯದ ಟ್ರ್ಯಾಕನ್ನು ಆರಿಸಬೇಕು. ವಾದ್ಯದ ಟ್ರ್ಯಾಕಿನಲ್ಲಿ ‘ಮಿಡಿ ಫ್ರಂ’ ಎಂಬುದು ‘ನೋ ಇನ್‌ಪುಟ್’ ಎಂದೂ ಮಾನಿಟರ್ ‘ಇನ್’ ಎಂದೂ ಇರತಕ್ಕದ್ದು. ಇಲ್ಲವಾದರೆ ಒಂದು ಕೀ ಒತ್ತಿದಾಗ ಎಲ್ಲಾ ವಾದ್ಯಗಳೂ ಕೂಡಿ ಮೊಳಗಿಯಾವು. ಹಾಡು ಬದಲಾದಾಗ ನುಡಿಸುವವಳು ಆ ಹಾಡಿನ ಟ್ರ್ಯಾಕಿನ ‘ಆರ್ಮ್’ ಗುಂಡಿಯನ್ನು ಒತ್ತಿದರೆ ಸಾಕು. ವಾದ್ಯವು ಕದಲದೆ ಇರುವುದರಿಂದ ಹಿಂದಿನ ಹಾಡಿನ ಕಡೆಯ ನಾದವು ತಾನಾಗಿಯೇ ಅಡಗುತ್ತದೆ.

ಈ ಕ್ರಮದಲ್ಲಿಯೂ ಎಚ್ಚರಿಕೆಯಿಂದಿರಬೇಕಾದ ಸಂಗತಿಗಳುಂಟು. ವಾದ್ಯವು ಎಲ್ಲರಿಗೂ ಸೇರಿದ್ದರಿಂದ ಒಂದು ಹಾಡಿಗಾಗಿ ಅದನ್ನು ತಿದ್ದಿದರೆ ಉಳಿದ ಆರಕ್ಕೂ ಆ ತಿದ್ದುಪಡಿ ತಗಲುತ್ತದೆ. ಹಾಡಿಗೆ ತಕ್ಕಂತೆ ಶ್ರುತಿಯನ್ನು ಏರಿಸಿ ಇಳಿಸಲು ‘ಪಿಚ್’ ಎಂಬ ಸಾಧನವನ್ನೂ, ಒತ್ತಿನ ಬಲವನ್ನು ಹೊಂದಿಸಲು ‘ವೆಲಾಸಿಟಿ’ ಎಂಬುದನ್ನೂ ಆ ಹಾಡಿನ ಟ್ರ್ಯಾಕಿನಲ್ಲಿಯೇ ಇಡತಕ್ಕದ್ದು. ಇಷ್ಟರಿಂದ ಸಾಲದ ಹಾಡು ಒಂದಿದ್ದರೆ ಅದಕ್ಕೆ ಮಾತ್ರ ಪ್ರತ್ಯೇಕ ವಾದ್ಯವನ್ನು ಇಡುವುದು ಯುಕ್ತ. ಕೈಯನ್ನೂ ಪೆಡಲನ್ನೂ ಎತ್ತಿದ ಮೇಲೆಯೇ ಹಾಡನ್ನು ಬದಲಾಯಿಸಬೇಕೆಂಬುದನ್ನೂ ಮರೆಯಬಾರದು.

ಹಣ ಕೊಟ್ಟು ಕರೆಯಿಸಿದವರು ಇದನ್ನೆಲ್ಲಾ ಮಾಡಲಾರರೇ ಎಂದು ಕೇಳಬಹುದು. ಮಾಡಬಲ್ಲರು. ಆದರೆ ಯಾವ ಹಾಡಿನಲ್ಲಿ ಆರ್ಗನ್ ಮೆಲ್ಲನೆ ಇರಬೇಕು, ಎಲ್ಲಿ ಚಿಕ್ಕ ಮಕ್ಕಳ ಧ್ವನಿ ಮೇಲಕ್ಕೆ ಏರದು ಎಂಬುದನ್ನು ಅಭ್ಯಾಸದಲ್ಲಿ ದಿನವೂ ಕುಳಿತವಳು ಬಲ್ಲಳು. ಒಂದು ಸಂಜೆಗೆ ಬಂದವರು ಅರಿಯರು. ಅಲ್ಲದೆ ಕೀ ಒತ್ತುವುದು ಹುಡುಗಿಯ ಕೆಲಸ, ಯಂತ್ರವನ್ನು ತಿಳಿಯುವುದು ಬೇರೆಯವರ ಕೆಲಸ ಎಂಬ ಪಾಠವನ್ನು ಹೆಣ್ಣುಮಕ್ಕಳ ಶಾಲೆಯಲ್ಲಿ ನಾವೇ ಕಲಿಸಿದಂತಾಗುತ್ತದೆ. ಅದಕ್ಕೆ ನಾನು ಒಪ್ಪಲಾರೆನು. ಪಿಯಾನೊವನ್ನಾದರೋ ನಾವು ಬಿಟ್ಟಿಲ್ಲ. ಈ ಸಲವೂ ಅದು ವೇದಿಕೆಯ ಪಕ್ಕದಲ್ಲಿಯೇ ಇರುವುದು. ಯಂತ್ರವು ಕೈಕೊಟ್ಟರೆ ಅದೇ ನಮಗೆ ಶ್ರುತಿ ಕೊಡುವುದು.

ಹಾಗಾದರೆ ಕಳೆದ ವರ್ಷ ತಪ್ಪಿದವರು ಯಾರು? ನಾನು. ಏಳು ಹಾಡುಗಳನ್ನು ಏಳು ಬೇರೆ ದಿನಗಳಲ್ಲಿ ಅಭ್ಯಾಸ ಮಾಡಿಸಿದೆನು. ಒಂದು ಹಾಡಿನಿಂದ ಮತ್ತೊಂದಕ್ಕೆ ಹೋಗುವುದನ್ನು ಒಂದು ದಿನವಾದರೂ ಮಾಡಿಸಲಿಲ್ಲ. ಈ ವರ್ಷ ಕಾರ್ಯಕ್ರಮವನ್ನು ಮೊದಲಿನಿಂದ ಕಡೆಯವರೆಗೆ ನಿಲ್ಲಿಸದೆ ಮೂರು ಸಲ ಅಭ್ಯಾಸ ಮಾಡಿಸಬೇಕೆಂದು ಗೊತ್ತುಮಾಡಿದೆ. ಯಂತ್ರದ ಬಳಿ ಕುಳಿತುಕೊಳ್ಳುವವಳು ಅದೇ ಬಾಲಿಕೆ. ಆಕೆಯ ಜೊತೆಗೆ ಎಂಟನೆಯ ತರಗತಿಯ ಇಬ್ಬರು ಕಲಿಯುತ್ತಿದ್ದಾರೆ.

ಆದುದರಿಂದ ಹೊಸ ಯಂತ್ರಕ್ಕಾಗಿ ಈ ವರ್ಷ ಚಂದಾ ಎತ್ತುವುದು ಬೇಡವೆಂದು ಮಾತಾಪಿತೃಗಳಲ್ಲಿ ಬಿನ್ನವಿಸುತ್ತೇನೆ. ಪೂರ್ವ ವಿದ್ಯಾರ್ಥಿನಿಯರಲ್ಲಿ ಈ ವಿದ್ಯೆಯನ್ನು ಬಲ್ಲವರು ಇದ್ದರೆ, ಶನಿವಾರ ಮಧ್ಯಾಹ್ನ ಒಂದು ಗಂಟೆಯ ಹೊತ್ತು ಬಂದು ಈ ಮೂವರ ಪಕ್ಕದಲ್ಲಿ ಕುಳಿತುಕೊಳ್ಳಬೇಕೆಂದು ಕೋರುತ್ತೇನೆ. ನಮಗೆ ಈಗ ಅಗತ್ಯವಾದ ಸಹಾಯ ಅದೇ.