ಉದ್ರಿ ಪುಸ್ತಕ ಮಾರಿದವರು

ಅಂಗಡಿಯವನು ಉದ್ರಿ ಕೊಡುವಾಗ ಗಿರಾಕಿಯ ಮುಖ ನೋಡುತ್ತಾನೆ. ಬಾಕಿ ಮುಳುಗಿದರೆ ತನ್ನ ಗಲ್ಲಾಕ್ಕೇ ಕನ್ನ ಎಂಬುದು ಅವನಿಗೆ ಗೊತ್ತು. ಅದೇ ಉದ್ರಿ ಪುಸ್ತಕವನ್ನು ಸಂಜೆಯೊಳಗೆ ಇನ್ನೊಬ್ಬನಿಗೆ ಮಾರಿ ದುಡ್ಡು ಎಣಿಸಿಕೊಳ್ಳುವಂತಿದ್ದರೆ? ದಾರಿಹೋಕನಿಗೂ ಮೂಟೆಗಟ್ಟಲೆ ಅಕ್ಕಿ! ಅಮೆರಿಕದಲ್ಲಿ 2008ಕ್ಕೆ ಮುಂಚೆ ಮನೆ ಸಾಲದ ಹೆಸರಿನಲ್ಲಿ ನಡೆದದ್ದು ಇದೇ.

2003ರಲ್ಲಿ ಅಲ್ಲಿನ ಕೇಂದ್ರ ಬ್ಯಾಂಕು ಬಡ್ಡಿ ದರವನ್ನು ಶೇ. 1ಕ್ಕೆ ಇಳಿಸಿತು. ಹಣ ಅಗ್ಗವಾಯಿತು, ಮನೆಗಳ ಬೆಲೆ ಏರುತ್ತಲೇ ಹೋಯಿತು. ಸಂಬಳದ ಚೀಟಿ ಇಲ್ಲದವರಿಗೂ ಕರೆದು ಕರೆದು ಸಾಲ ಕೊಟ್ಟರು. ಮೊದಲೆರಡು ವರ್ಷ ಕಂತು ಹಗುರ, ಆಮೇಲೆ ಕುತ್ತಿಗೆಗೆ ಉರುಳು. ಸಾಲ ಕೊಟ್ಟವರು ಪತ್ರಗಳನ್ನು ದೊಡ್ಡ ಬ್ಯಾಂಕುಗಳಿಗೆ ದಾಟಿಸಿ ಕೈತೊಳೆದುಕೊಂಡರು. ಆ ಬ್ಯಾಂಕುಗಳು ಸಾವಿರಾರು ಸಾಲಗಳನ್ನು ಒಂದೇ ಗಂಟು ಕಟ್ಟಿ, ಬಾಂಡ್ ಮಾಡಿ ಜಗತ್ತಿಗೆಲ್ಲ ಮಾರಿದವು. ಗುಣ ಪರೀಕ್ಷಿಸಬೇಕಾದ ರೇಟಿಂಗ್ ಕಂಪನಿಗಳೋ, ಮಾರುವವರಿಂದಲೇ ಫೀಸು ಪಡೆದು ‘ಅಪ್ಪಟ ಮಾಲು’ ಎಂದು ಮೊಹರು ಒತ್ತಿದವು.

2006ರ ಮಧ್ಯಕ್ಕೆ ಬಡ್ಡಿ ದರ ಶೇ. 5.25 ಆಯಿತು. ಮನೆ ಬೆಲೆ ಇಳಿಯಿತು. ಕಂತು ಕಟ್ಟಲಾಗದು, ಮಾರಿದರೆ ಸಾಲ ತೀರದು. 2008ರ ಸೆಪ್ಟೆಂಬರ್ 15ರಂದು 158 ವರ್ಷದ ಲೇಮನ್ ಬ್ರದರ್ಸ್ ದಿವಾಳಿ ಎದ್ದಿತು. ಬ್ಯಾಂಕುಗಳನ್ನು ಎತ್ತಿ ನಿಲ್ಲಿಸಲು ಮರು ತಿಂಗಳೇ 70,000 ಕೋಟಿ ಡಾಲರ್ ಮಂಜೂರು. ಸಾಲಗಾರನಿಗೆ ಸಿಕ್ಕಿದ್ದು ಜಪ್ತಿ ನೋಟೀಸು. 2009ರ ಅಕ್ಟೋಬರ್ ಹೊತ್ತಿಗೆ ನಿರುದ್ಯೋಗ ಶೇ. 10 ಮುಟ್ಟಿತು.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಿತ್ತು ಎಂದು ಸಾಲಗಾರನಿಗೆ ಬುದ್ಧಿ ಹೇಳುವವರುಂಟು. ಸರಿ. ಆದರೆ ಹಾಸಿಗೆ ಉದ್ದ ಇದೆ ಎಂದು ನಂಬಿಸಿ ಕಮಿಷನ್ ಹೊಡೆದವರಿಗೆ ಬುದ್ಧಿ ಹೇಳುವವರು ಯಾರು?

ನಮ್ಮ ರಿಸರ್ವ್ ಬ್ಯಾಂಕು ವೈ.ವಿ. ರೆಡ್ಡಿಯವರ ಕಾಲದಲ್ಲಿ, 2004ರಲ್ಲೇ, ಮನೆ ಸಾಲ ಕೊಡುವ ಬ್ಯಾಂಕು ಹೆಚ್ಚು ಸ್ವಂತ ಬಂಡವಾಳ ಇಟ್ಟಿರಬೇಕೆಂದು ಲಗಾಮು ಬಿಗಿದಿತ್ತು. ಆ ಲಗಾಮು ಆಪತ್ತಿಗಾಯಿತು. ಹಾಗಿದ್ದೂ ಬಿಸಿ ತಟ್ಟದಿರಲಿಲ್ಲ: 2008ರ ಜನವರಿಯಲ್ಲಿ 21,000 ದಾಟಿದ್ದ ಸೆನ್ಸೆಕ್ಸ್, ಅಕ್ಟೋಬರಿನಲ್ಲಿ ಒಂದು ದಿನ 8,000ಕ್ಕೂ ಕೆಳಗಿಳಿಯಿತು.

ಸಾಲ ಹೊತ್ತು ಮನೆ ಬಾಗಿಲಿಗೇ ಬರುವ ಮಹಾಶಯರನ್ನು ಇವತ್ತಿನ ಬಡ್ಡಿ ಎಷ್ಟೆಂದು ಕೇಳಿದರೆ ಸಾಲದು. ಬಡ್ಡಿ ಏರಿದರೆ ಕಂತು ಎಷ್ಟಾಗುತ್ತದೆ? ಹಣ ಮುಳುಗಿದರೆ ಯಾರ ಗಂಟು ಹೋಗುತ್ತದೆ? ‘ನಿಮ್ಮದೊಂದೇ’ ಎಂಬುದು ಉತ್ತರವಾದರೆ, ಒಂದು ಲೋಟ ಕಾಫಿ ಕೊಟ್ಟು ಕಳಿಸಿಬಿಡುವುದೇ ಕ್ಷೇಮ.