ಕರಿಮಣ್ಣಿಗೆ ಬಂದ ಕಡಲ ಸೀಮೆಯವರು

ಕುರುಗೋಡಿನಿಂದ ಕಂಪ್ಲಿಯ ಕಡೆಗಾಗಲಿ ಸಿರುಗುಪ್ಪದ ಕಡೆಗಾಗಲಿ ಬಸ್ಸಿನಲ್ಲಿ ಹೊರಟವರಿಗೆ ನಡುನಡುವೆ 'ಕ್ಯಾಂಪ್' ಎಂಬ ಬಾಲವುಳ್ಳ ಊರ ಹೆಸರುಗಳು ಎದುರಾಗುತ್ತವೆ. ಇವು ಸೈನ್ಯ ಬೀಡುಬಿಟ್ಟ ಜಾಗಗಳಲ್ಲ. ತುಂಗಭದ್ರೆಯ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ಕರಾವಳಿಯ ಕೃಷ್ಣಾ, ಗೋದಾವರಿ, ಗುಂಟೂರು ಸೀಮೆಗಳಿಂದ ಬಂದ ರೈತ ಕುಟುಂಬಗಳು ಹೊಲದ ಬದಿಯಲ್ಲಿ ಗುಡಿಸಲು ಹಾಕಿಕೊಂಡ ಜಾಗಗಳು. ಗುಡಿಸಲು ಹೋಗಿ ಮನೆಯಾಯಿತು, ಮನೆಗಳು ಸೇರಿ ಊರಾಯಿತು. ಹೆಸರು ಮಾತ್ರ ಕ್ಯಾಂಪ್ ಎಂದೇ ಉಳಿಯಿತು.

ಅಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು 1945ರಲ್ಲಿ. ಕಾಲುವೆಗೆ ನೀರು ಬಿಟ್ಟದ್ದು 1953ರಲ್ಲಿ. ಅದೇ ವರ್ಷದ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು; ಅದೇ ದಿನ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಹೀಗಾಗಿ ಆ ಮೇಲೆ ಬಂದವರು ಗಡಿ ದಾಟಿ ಬೇರೊಂದು ರಾಜ್ಯಕ್ಕೇ ಬಂದಂತಾಯಿತು. ಡೆಲ್ಟಾದಲ್ಲಿ ಜಮೀನಿನ ಬೆಲೆ ಏರಿತ್ತು, ಇಲ್ಲಿ ಮಳೆಯನ್ನು ನಂಬಿದ್ದ ಎರೆಭೂಮಿ ಅಗ್ಗವಾಗಿತ್ತು. ಅಲ್ಲಿನ ಒಂದೆರಡು ಎಕರೆ ಮಾರಿದರೆ ಇಲ್ಲಿ ಹಲವು ಎಕರೆ ಸಿಗುತ್ತಿತ್ತು. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಮನೆ ನಡೆಸುವುದು ಬರೀ ಎಕರೆಯ ಲೆಕ್ಕವಲ್ಲ ಎಂಬುದು ಮೊದಲ ಬೇಸಗೆಯಲ್ಲೇ ಹೆಂಗಸರಿಗೆ ಗೊತ್ತಾಗುತ್ತಿತ್ತು.

ಮೊದಲನೆಯದು ಗಾಳಿ. ಕಡಲ ಸೀಮೆಯ ಗಾಳಿಯಲ್ಲಿ ತೇವ ಹೆಚ್ಚು. ಬಳ್ಳಾರಿಯ ಬೇಸಗೆಯ ಗಾಳಿ ಒಣಗಾಳಿ. ತೇವದ ಗಾಳಿಯಲ್ಲಿ ಬೆವರು ಆರದು, ಒಣಗಾಳಿಯಲ್ಲಿ ಬೆವರು ಬಂದದ್ದೇ ತಿಳಿಯದು. ಒಗೆದ ಬಟ್ಟೆ ಬೇಗ ಒಣಗುತ್ತದೆ, ತುಟಿಯೂ ಬೇಗ ಒಡೆಯುತ್ತದೆ. ಒಂದು ಲಾಭವೂ ಇತ್ತು. ಮಚಲೀಪಟ್ಟಣದ ಕಡೆ ಮಡಕೆಯ ನೀರು ಅಷ್ಟಾಗಿ ತಣ್ಣಗಾಗದು, ಇಲ್ಲಿ ಅದೇ ಮಡಕೆ ಹಲ್ಲು ಜುಮ್ಮೆನ್ನುವಂತೆ ತಣಿಸುತ್ತದೆ. ಮಡಕೆಯ ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗಲು ಬೇಕಾದ ಶಾಖವನ್ನು ಒಳಗಿನ ನೀರಿನಿಂದಲೇ ಪಡೆಯುತ್ತದೆ. ಗಾಳಿ ಒಣಗಿದ್ದಷ್ಟೂ ಆವಿಯಾಗುವುದು ಚುರುಕು.

ಎರಡನೆಯದು ಮನೆ. ಕುರುಗೋಡಿನ ಹಳೆಯ ಮನೆಗಳು ಮಣ್ಣಿನ ಮಾಳಿಗೆಯವು. ದಪ್ಪ ಗೋಡೆ, ಸಣ್ಣ ಕಿಟಕಿ, ಮೇಲೊಂದು ಬೆಳಕಿಂಡಿ. ಮಧ್ಯಾಹ್ನದ ಬಿಸಿ ದಪ್ಪ ಗೋಡೆಯನ್ನು ದಾಟಿ ಒಳಗೆ ಬರುವಷ್ಟರಲ್ಲಿ ಸಂಜೆಯಾಗಿರುತ್ತದೆ. ಮಳೆ ಕಡಿಮೆ ಬೀಳುವ ಸೀಮೆಗೆ ಮಾತ್ರ ಹೊಂದುವ ಜಾಣತನವಿದು. ಕರಾವಳಿಯವರಿಗೆ ರೂಢಿಯಾಗಿದ್ದದ್ದು ಇಳಿಜಾರಿನ ತಾಳೆಗರಿಯ ಮಾಡು, ಎದುರುಬದುರು ಬಾಗಿಲು, ಬೀಸುಗಾಳಿ. ಇಲ್ಲಿಯ ಬೇಸಗೆಯಲ್ಲಿ ಬಾಗಿಲು ತೆರೆದಿಟ್ಟರೆ ಒಳಗೆ ಬರುವುದು ಕುಲುಮೆಯ ಗಾಳಿ. ನಾಲ್ಕು ಕಾಸು ಕೂಡಿದ ಮೇಲೆ ಪಕ್ಕಾ ಮನೆ ಕಟ್ಟಿಸಿದವರಿಗೆ ಇನ್ನೊಂದು ಪಾಠ ಕಾದಿತ್ತು. ಎರೆಮಣ್ಣಿನ ಜೇಡಿಕಣ ಇಸ್ಪೀಟಿನ ಕಟ್ಟಿನಂತೆ ಪದರಪದರವಾಗಿರುತ್ತದೆ. ಪದರಗಳ ನಡುವೆ ನೀರು ಹೊಕ್ಕರೆ ಮಣ್ಣು ಉಬ್ಬುತ್ತದೆ, ಆರಿದರೆ ಕುಗ್ಗಿ ಬಿರುಕು ಬಿಡುತ್ತದೆ. ಅದರ ಮೇಲೆ ನಿಂತ ಗೋಡೆ ಪ್ರತಿ ವರ್ಷ ಏರಿಳಿಯುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಓಡುವ ಸೀಳು ಕಂಡರೆ ಕಾರಣ ಮೇಸ್ತ್ರಿಯ ಕೈಯಲ್ಲಿಲ್ಲದೆ ತಳದ ಮಣ್ಣಿನಲ್ಲಿರುವುದು ಬಹುಸಂಭವ. ಪಾಯದ ಎರೆಯನ್ನು ತೆಗೆದು ಗರಸು ತುಂಬುವುದು ಒಂದು ಉಪಾಯ. ತುದಿಯಲ್ಲಿ ಗೆಡ್ಡೆಯಂತೆ ಉಬ್ಬಿದ ಕಾಂಕ್ರೀಟ್ ಕಂಬಗಳನ್ನು ಮೂರು ಮೂರೂವರೆ ಮೀಟರ್ ಆಳಕ್ಕಿಳಿಸುವ ವಿಧಾನವನ್ನು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ಮಣ್ಣಿಗಾಗಿಯೇ ಬೆಳೆಸಿತು. ಅಷ್ಟು ಆಳದಲ್ಲಿ ಮಣ್ಣಿನ ತೇವ ಋತುವಿಗೆ ತಕ್ಕಂತೆ ಹೆಚ್ಚು ಬದಲಾಗುವುದಿಲ್ಲ.

ಕುಡಿಯುವ ನೀರಿನ ಕಥೆಯೂ ಇದೆ. ಎರೆಭೂಮಿಯ ಬಾವಿ ಎಷ್ಟೋ ಕಡೆ ಉಪ್ಪು. ಕಾಲುವೆಯ ನೀರು ಸಿಹಿ, ಆದರೆ ಕೆಂಪು. ಗೋದಾವರಿಯ ಹೊಸನೀರನ್ನು ತಿಳಿಮಾಡಲು ಆ ಕಡೆಯ ಹೆಂಗಸರು 'ಇಂಡುಪ ಗಿಂಜ' ಎಂಬ ಬೀಜವನ್ನು ಕೊಡದ ಒಳಮೈಗೆ ತೇಯುವುದುಂಟು. ಕನ್ನಡದಲ್ಲಿ ಇದೇ ಚಿಲ್ಲದ ಬೀಜ. ನೀರಿನಲ್ಲಿ ತೇಲುವ ಜೇಡಿಕಣಗಳ ಮೇಲೆ ಋಣ ವಿದ್ಯುದಂಶವಿರುತ್ತದೆ. ಒಂದೇ ಬಗೆಯ ವಿದ್ಯುದಂಶವಾದ್ದರಿಂದ ಅವು ಒಂದನ್ನೊಂದು ತಳ್ಳುತ್ತವೆ, ತಳ ಸೇರವು. ಪಟಿಕದ ಅಲ್ಯೂಮಿನಿಯಂ ಅಯಾನುಗಳು ಈ ಜಗಳವನ್ನು ಬಿಡಿಸುತ್ತವೆ. ಚಿಲ್ಲದ ಬೀಜದಲ್ಲಿರುವ ವಸ್ತುಗಳು ಕಣಗಳನ್ನು ಒಟ್ಟುಗೂಡಿಸುತ್ತವೆ. ಕಣಗಳು ಗುಂಪಾಗಿ ಕೆಳಗಿಳಿಯುತ್ತವೆ. ತಿಳಿಯಾದ ನೀರು ಶುದ್ಧ ನೀರಲ್ಲ, ಕುದಿಸಲೇಬೇಕು ಎಂಬುದನ್ನು ತಾಯಂದಿರು ಮರೆಯಬಾರದು.

ಎಲ್ಲಕ್ಕಿಂತ ಕಷ್ಟ ಮಕ್ಕಳದ್ದು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಬಳ್ಳಾರಿ ಸೀಮೆ ಮೊದಲಿನಿಂದಲೂ ಎರಡು ನಾಲಿಗೆಯ ಸೀಮೆಯಾದ್ದರಿಂದ ಸಂತೆಯಲ್ಲಿ, ಗಾಣದಲ್ಲಿ ತೊಂದರೆಯಿರಲಿಲ್ಲ. ಪಾಟಿಯ ಮುಂದೆ ಕುಳಿತ ಮಗುವಿಗಿತ್ತು. ತೆಲುಗಿನಲ್ಲಿ 'ಇಲ್ಲು' ಎಂದರೆ ಮನೆ, ಕನ್ನಡದಲ್ಲಿ 'ಇಲ್ಲ' ಎಂದರೆ ಏನೂ ಇಲ್ಲ. ಎರಡರ ನಡುವೆ ಒಂದೇ ಒಂದು ಸ್ವರದ ಅಂತರ! ಆದರೆ ಜಾಣ ಮಗುವಿಗೆ ಬೇಗನೆ ಒಂದು ಬೀಗದಕೈ ಸಿಗುತ್ತದೆ. ತೆಲುಗಿನ ಪಾಲು ಕನ್ನಡದಲ್ಲಿ ಹಾಲು, ಪುಲಿ ಹುಲಿ, ಪುವ್ವು ಹೂವು, ಪಲ್ಲೆ ಹಳ್ಳಿ. ಹಳಗನ್ನಡದಲ್ಲಿ ಇವೆಲ್ಲ ಪಾಲ್, ಪುಲಿ, ಪೂ, ಪಳ್ಳಿ ಎಂದೇ ಇದ್ದವು. ಪಕಾರ ಹಕಾರವಾದದ್ದು ಆಮೇಲೆ. ಎಂದರೆ ಕ್ಯಾಂಪಿನ ಮಗು ಹಳಗನ್ನಡದ ಪಾಠಕ್ಕೆ ಬರುವಾಗ ಊರಿನ ಮಗುವಿಗಿಂತ ಒಂದು ಹೆಜ್ಜೆ ಮುಂದೆಯೇ ಇರುತ್ತದೆ. ಲಿಪಿಗಳೂ ಅಕ್ಕತಂಗಿಯರು, ತಲೆಕಟ್ಟಿನಲ್ಲಿ ವ್ಯತ್ಯಾಸ ಅಷ್ಟೆ. ಐದು, ಆರು ಎಂಬ ಎಣಿಕೆಗಳು ಎರಡರಲ್ಲೂ ಒಂದೇ.

ಮನೆಪಾಠ ಹೇಳಿಕೊಡಲಾಗದ ತಾಯಿಗೆ ಮಗುವೇ ದುಭಾಷಿಯಾಗುತ್ತದೆ. ಆಸ್ಪತ್ರೆಯ ಚೀಟಿ, ಶಾಲೆಯ ನೋಟೀಸು, ಪಹಣಿಯ ಕಾಗದ, ಎಲ್ಲವನ್ನೂ ಹತ್ತು ವರ್ಷದ ಹುಡುಗಿ ಓದಿ ಹೇಳಬೇಕು. ಇದು ಮಗುವಿಗೆ ಹೆಮ್ಮೆಯೂ ಹೌದು, ಹೊರೆಯೂ ಹೌದು. ಹೆತ್ತವರು ಮೊದಲನೆಯದನ್ನಷ್ಟೇ ಕಾಣುವುದು ಹೆಚ್ಚು. ಪೂರ್ವ ಪಾಕಿಸ್ತಾನದಿಂದ ಬಂದು ಸಿಂಧನೂರಿನ ಬಳಿಯ ಆರ್.ಎಚ್. ಕ್ಯಾಂಪುಗಳಲ್ಲಿ ನೆಲೆನಿಂತ ಬಂಗಾಳಿ ಕುಟುಂಬಗಳ ಮಕ್ಕಳಿಗೆ ಈ ಹೊರೆ ಇನ್ನೂ ಭಾರ. ಅವರಿಗೆ ಅಕ್ಕತಂಗಿ ಲಿಪಿಯ ಸಹಾಯವೂ ಇರಲಿಲ್ಲ.

ಹಬ್ಬಗಳು ಸುಲಭವಾಗಿ ಹೊಂದಿಕೊಂಡವು. ಯುಗಾದಿ ಇಬ್ಬರಿಗೂ ಒಂದೇ ದಿನ. ಇಲ್ಲಿ ಬೇವುಬೆಲ್ಲ, ಅಲ್ಲಿ ಆರು ರುಚಿಯ ಪಚ್ಚಡಿ. ಸಂಕ್ರಾಂತಿಗೆ ಕ್ಯಾಂಪಿನಲ್ಲಿ ರಂಗೋಲಿಯ ನಡುವೆ ಸಗಣಿಯ ಗೊಬ್ಬೆಮ್ಮ, ಊರಿನಲ್ಲಿ ಎಳ್ಳುಬೆಲ್ಲ. ದೊಡ್ಡಬಸವೇಶ್ವರನ ತೇರಿಗೆ ಎಲ್ಲರೂ ಬರಬಹುದು. ತಟ್ಟೆ ಮಾತ್ರ ನಿಧಾನವಾಗಿ ಬದಲಾಯಿತು, ಅದೂ ಊರಿನವರ ತಟ್ಟೆಯೇ ಹೆಚ್ಚು. ಜೋಳದ ರೊಟ್ಟಿಯ ಜಾಗಕ್ಕೆ ಅನ್ನ ಬಂತು. ನಾರು, ಕಬ್ಬಿಣದ ಅಂಶಗಳಲ್ಲಿ ಪಾಲಿಶ್ ಅಕ್ಕಿಗಿಂತ ಜೋಳವೇ ಮೇಲು ಎಂಬುದನ್ನು ಇಲ್ಲಿ ಹೇಳದಿದ್ದರೆ ತಪ್ಪಾದೀತು.

ಈ ಅನ್ನದಲ್ಲೇ ನಿಜವಾದ ಪ್ರಶ್ನೆ ಅಡಗಿದೆ. ಕಂಪ್ಲಿ, ಹೊಸಪೇಟೆಗಳ ಬದಿಯವರಿಗೆ ವಿಜಯನಗರದ ಕಾಲುವೆಗಳಿಂದಾಗಿ ಭತ್ತ ಹೊಸದಲ್ಲ. ಆದರೆ ತುಂಗಭದ್ರಾ ಯೋಜನೆ ರೂಪಿಸಿದವರು ಹೆಚ್ಚಿನ ಎರೆಭೂಮಿಗೆ ಜೋಳ, ಹತ್ತಿಯಂಥ ಬೆಳೆಗಳಿಗೆ ಸಾಲುವಷ್ಟೇ ನೀರು ಎಂದು ಲೆಕ್ಕ ಹಾಕಿದ್ದರು. ಒಂದು ಕಿಲೋ ಅಕ್ಕಿಗೆ ಎರಡು ಮೂರು ಸಾವಿರ ಲೀಟರಿಗೆ ಕಡಿಮೆಯಿಲ್ಲದಷ್ಟು ನೀರು ಬೇಕು. ನೆಲವನ್ನು ಮಟ್ಟಮಾಡಿ ಮಡಿ ಕಟ್ಟಿ ನಾಟಿ ಹಾಕುವ ಕೌಶಲವನ್ನು ವಲಸೆ ಬಂದವರು ತಂದರು, ಊರಿನವರೂ ಕಲಿತರು. ಕಾಲುವೆಯ ತಲೆಭಾಗದಲ್ಲಿ ಹಸಿರು ಹೆಚ್ಚಿತು, ಕೊನೆಭಾಗದ ರೈತನಿಗೆ ನೀರು ತಲುಪದಾಯಿತು. ತಪ್ಪು ಯಾರೊಬ್ಬರದು ಎಂದು ಬೆರಳು ತೋರುವುದು ಸುಲಭ, ಆದರೆ ನ್ಯಾಯವಲ್ಲ. ಭತ್ತಕ್ಕೆ ಬೆಲೆಯಿತ್ತು, ತೂಬು ತೆರೆದಿತ್ತು.

ನಿಂತ ನೀರು ಎರೆಯೊಳಗೆ ಇಂಗಿ ಅಂತರ್ಜಲ ಮೇಲೇರಿದರೆ ಆಳದ ಉಪ್ಪೂ ಅದರೊಂದಿಗೆ ಏರುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಹೋಗದು. ಇದೇ ಸವಳು. ಮನೆಯಲ್ಲೇ ನೋಡಬಹುದು: ತಟ್ಟೆಯಲ್ಲಿ ಉಪ್ಪುನೀರು ಹಾಕಿ ಒಂದು ಹಳೆಯ ಇಟ್ಟಿಗೆ ನಿಲ್ಲಿಸಿ, ಆರಿದಂತೆ ನೀರು ಸೇರಿಸುತ್ತ ಬನ್ನಿ. ಕೆಲವು ದಿನಗಳಲ್ಲಿ ನೀರು ಮುಟ್ಟದ ಮೇಲ್ಭಾಗದಲ್ಲಿ ಬಿಳಿಯ ಪುಡಿ ಕಾಣುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪಶ್ಚಿಮ ಪಂಜಾಬಿನ ಒಣನೆಲಕ್ಕೆ ಕಾಲುವೆ ತೆಗೆದು ದೂರದ ಕುಟುಂಬಗಳನ್ನು ನೆಲೆಗೊಳಿಸಿದಾಗಲೂ ಹೀಗೆಯೇ ಆಯಿತು. ಇಂದು ಪಾಕಿಸ್ತಾನದಲ್ಲಿರುವ ಫೈಸಲಾಬಾದ್ ಅಂಥ ಕಾಲುವೆ ವಸಾಹತಿನ ಊರು. ಆ ಸೀಮೆ ಮುಂದೆ ಜವಳು, ಸವಳುಗಳಿಂದ ಬಹಳ ಕಷ್ಟಪಟ್ಟಿತು. ಈ ಕಡೆ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ನೆಲದ ಮೇಲೆ ಕೆಲಸ ನಡೆದಿದೆ. ನೆಲದಡಿ ರಂಧ್ರಗಳುಳ್ಳ ಕೊಳವೆ ಹೂತು ಬಸಿಗಾಲುವೆ ಮಾಡಿದರೆ ಉಪ್ಪುನೀರು ಹೊರಹೋಗುತ್ತದೆ. ಸೋಡಿಯಂ ಹೆಚ್ಚಿದ್ದ ನೆಲಕ್ಕೆ ಜಿಪ್ಸಂ ಹಾಕಿದರೆ ಕ್ಯಾಲ್ಸಿಯಂ ಅದರ ಜಾಗ ಹಿಡಿಯುತ್ತದೆ. ಎರಡಕ್ಕೂ ಹಣ ಬೇಕು. ಮಾರಿಕೊಂಡು ಬಂದವರಿಗೆ ಹಿಂದಿರುಗಲು ಡೆಲ್ಟಾದ ಆ ಎರಡು ಎಕರೆ ಈಗ ಇಲ್ಲ.

ಜಲಾಶಯವೂ ಮೊದಲಿನಂತಿಲ್ಲ. ಆರಂಭದಲ್ಲಿ ಸುಮಾರು 133 ಟಿ.ಎಂ.ಸಿ. ಹಿಡಿಯುತ್ತಿದ್ದದ್ದು ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳ ಪೈಕಿ 19ನೆಯದರ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. ತಾತ್ಕಾಲಿಕ ಹಲಗೆಗಳನ್ನು ಇಳಿಸುವವರೆಗೆ ತುಂಬಿದ ಜಲಾಶಯದಿಂದ ನೀರು ನದಿಗೆ ಹರಿದುಹೋಗುತ್ತಲೇ ಇತ್ತು, ಗದ್ದೆಗಳಲ್ಲಿ ಆಗ ನಾಟಿಯ ಕಾಲ.